ಪಕ್ಕದ ಎಲೆಯ ಮಹನೀಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹಾಸನದ ಆ ಮದುವೆಯಲ್ಲಿ ನೀವು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಕೇಳಲೂ ಬಿಡುವು ಸಿಗಲಿಲ್ಲ. ಎರಡನೇ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂತಿರಿ. ಉಪ್ಪು, ಉಪ್ಪಿನಕಾಯಿ ಬೀಳುವಷ್ಟರಲ್ಲಿ ನನ್ನ ಬೆರಳ ಗೆಣ್ಣುಗಳ ಊತ ನಿಮ್ಮ ಕಣ್ಣಿಗೆ ಬಿತ್ತು. ಕೋಸಂಬರಿ ಬರುವ ಹೊತ್ತಿಗೆ ಕಾಯಿಲೆ ಏನೆಂದು ವಿಚಾರಿಸಿ ಆಗಿತ್ತು. ಪಲ್ಯ ಬರುವ ಮೊದಲೇ ಚಿಕಿತ್ಸೆ ಶುರುವಾಯಿತು.

"ನೋಡಮ್ಮಾ, ಎಲ್ಲಾ ಹೊಟ್ಟೆಯಿಂದಲೇ ಬರೋದು" ಎಂದಿರಿ. ಎಣ್ಣೆಗಾಯಿ ಬಂತು, ಬದನೆಕಾಯಿ ನಂಜು ಎಂದಿರಿ. ಸಾರು ಬಂತು, ಟೊಮೆಟೊ ಕೀಲಿಗೆ ವಿಷ ಎಂದಿರಿ. ಹುಳಿ ಬಂದಾಗ ಬೇಳೆಯಲ್ಲಿ ಯೂರಿಕ್ ಆಸಿಡ್ ಕಂಡಿತು, ಆಲೂಗೆಡ್ಡೆಯಲ್ಲಿ ವಾಯು ಕಂಡಿತು. ಒಬ್ಬಟ್ಟಿನಲ್ಲಿ ಮೈದಾ, ಮೇಲಿನ ತುಪ್ಪದಲ್ಲಿ ಕೊಬ್ಬು, ಅನ್ನದಲ್ಲಿ ಸಕ್ಕರೆ, ಮೊಸರಿನಲ್ಲಿ ಶೀತ. ಬಡಿಸುವವರು ಒಂದೊಂದನ್ನೇ ಹಾಕುತ್ತಾ ಹೋದರು, ನೀವು ಒಂದೊಂದನ್ನೇ ಮಾತಿನಲ್ಲಿ ತೆಗೆಯುತ್ತಾ ಬಂದಿರಿ. ಕೊನೆಗೆ ನನಗೆ ಉಳಿದದ್ದು ಬಾಳೆ ಎಲೆ ಮತ್ತು ಲೋಟದ ನೀರು. ಊಟದ ನಡುವೆ ನೀರನ್ನೂ ಕುಡಿಯಬಾರದಂತೆ. ಅಷ್ಟು ಹೊತ್ತಿಗೆ ನಿಮ್ಮ ಎಲೆಗೆ ಎರಡನೇ ಒಬ್ಬಟ್ಟು ಬಿದ್ದಿತ್ತು. ಅದು ನಿಮ್ಮ ಪುಣ್ಯ, ನನಗೆ ಹೊಟ್ಟೆಕಿಚ್ಚಿಲ್ಲ.

ಮೊದಲಿಗೆ ಕೃತಜ್ಞತೆ ಹೇಳಬೇಕು. ನನ್ನ ಡಾಕ್ಟರಿಗೆ ನನ್ನ ಜೊತೆ ಮಾತಾಡಲು ಏಳೆಂಟು ನಿಮಿಷ ಸಿಕ್ಕರೆ ಹೆಚ್ಚು, ಹೊರಗೆ ಕಾರಿಡಾರಿನ ತುಂಬಾ ಜನ ಕಾದಿರುತ್ತಾರೆ. ನೀವು ಪಂಕ್ತಿ ಏಳುವವರೆಗೂ ಮಾತಾಡಿದಿರಿ, ಅದೂ ಫೀಸಿಲ್ಲದೆ. ನಡುವೆ ನನಗೂ ಒಂದು ಮಾತಾಡಲು ಬಿಟ್ಟಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ರಿಟೈರ್ ಆದವಳು ನಾನು. ತಪ್ಪು ಉತ್ತರವನ್ನು ತಿದ್ದದೆ ಬಿಡುವುದು ನನ್ನ ಕೈಲಾಗದ ಕೆಲಸ.

ಯೂರಿಕ್ ಆಸಿಡ್ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಅದು ಗೌಟ್ ಎಂಬ ಬೇರೆಯದೇ ಕಾಯಿಲೆ. ಹೆಚ್ಚಾಗಿ ಕಾಲಿನ ಹೆಬ್ಬೆರಳ ಬುಡದಲ್ಲಿ ರಾತ್ರೋರಾತ್ರಿ ಹೊತ್ತಿಕೊಳ್ಳುವಂಥದ್ದು. ಅದಕ್ಕೆ ಮದ್ಯ, ಕುರಿಯ ಲಿವರು ಇಂಥವು ಕಾರಣವಾಗುವುದು ನಿಜ. ನನಗಿರುವುದು ರುಮಟಾಯ್ಡ್ ಆರ್ಥರೈಟಿಸ್, ಅಂದರೆ ಸಂಧಿವಾತ. ಎರಡರಲ್ಲೂ ಕೀಲು ಊದುತ್ತದೆ ಎಂಬುದನ್ನು ಬಿಟ್ಟರೆ ನೆಂಟಸ್ತಿಕೆಯಿಲ್ಲ. ನನ್ನ ಮೈಯಲ್ಲಿ ನಡೆದಿರುವುದು ಬೇಲಿಯೇ ಎದ್ದು ಹೊಲ ಮೇಯುವ ಕೆಲಸ. ಹೊರಗಿನ ರೋಗಾಣುಗಳನ್ನು ತಡೆಯಬೇಕಾದ ರಕ್ಷಣಾ ವ್ಯವಸ್ಥೆ ನನ್ನದೇ ಕೀಲುಗಳ ಒಳಪೊರೆಯನ್ನು ಪರಕೀಯ ಎಂದು ತಿಳಿದು ಮೇಲೆ ಬಿದ್ದಿದೆ. ಹಾಶಿಮೊಟೊ ಎಂಬ ಕಾಯಿಲೆಯಲ್ಲಿ ಹೀಗೆ ಮೇಯುವುದು ಥೈರಾಯ್ಡ್ ಗ್ರಂಥಿಯನ್ನು, ಟೈಪ್ 1 ಡಯಾಬಿಟಿಸ್‌ನಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು, ಸೋರಿಯಾಸಿಸ್‌ನಲ್ಲಿ ಚರ್ಮವನ್ನು. ಒಟ್ಟು ಬಳಗಕ್ಕೆ ಆಟೋಇಮ್ಯೂನ್ ಎಂದು ಹೆಸರು.

ಇಷ್ಟು ತಿಳಿದುಕೊಂಡು ನೀವು ಕೊಟ್ಟ ಮೊದಲ ಮದ್ದನ್ನು ನೋಡಿ: ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯ. "ಇಮ್ಯುನಿಟಿ ಜಾಸ್ತಿಯಾಗುತ್ತೆ" ಎಂದಿರಿ. ಸ್ವಾಮೀ, ಜಾಸ್ತಿಯಾಗಿಯೇ ಈ ಗತಿ ಬಂದಿರುವುದು! ಹೊಲ ಮೇಯುತ್ತಿರುವ ಬೇಲಿಗೆ ಗೊಬ್ಬರ ಹಾಕಿ ಎನ್ನುತ್ತೀರಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕುದಿಯಿತು. ಆಮೇಲೆ 2021ರಲ್ಲಿ ಮುಂಬೈಯ ಲಿವರ್ ಡಾಕ್ಟರುಗಳು ಹೀಗೆ ಕುಡಿದು ಲಿವರ್ ಕೆಡಿಸಿಕೊಂಡು ಬಂದ ಆರು ಮಂದಿಯ ಬಗ್ಗೆ ಬರೆದರು. ಬೇರೆ ಬೇರೆ ಊರುಗಳ ಆಸ್ಪತ್ರೆಗಳು ಸೇರಿ ಲೆಕ್ಕ ಹಾಕಿದಾಗ ಅದು 43ಕ್ಕೆ ಹೋಯಿತು. ಲಿವರಿನ ಮೇಲೆ ದೇಹವೇ ದಾಳಿ ಮಾಡಿದಂಥ ಲಕ್ಷಣ, ಹಲವರಿಗೆ ಮೊದಲೇ ಥೈರಾಯ್ಡಿನಂಥ ಆಟೋಇಮ್ಯೂನ್ ತೊಂದರೆ. ಆಯುಷ್ ಸಚಿವಾಲಯ ಈ ವರದಿಯನ್ನು ಒಪ್ಪಲಿಲ್ಲ, ವಾದ ನಡೆಯಿತು. ಆ ವಾದ ಮುಗಿಯುವವರೆಗೆ ನನ್ನ ಪಾಲಿನ ಕಷಾಯವನ್ನು ನೀವೇ ಕುಡಿಯಬಹುದು.

ಇನ್ನು ಊಟದ ವಿಚಾರ. ನೀವು ಹೇಳಿದ್ದೆಲ್ಲ ಸುಳ್ಳು ಎಂದು ಹೇಳಲು ಬಂದವಳಲ್ಲ ನಾನು. ನ್ಯಾಯವಾಗಿ ಹೇಳಬೇಕೆಂದರೆ ನಿಮ್ಮ ಪರವಾಗಿಯೂ ಸಾಕ್ಷಿಯಿದೆ. 1991ರಲ್ಲಿ ನಾರ್ವೆಯ ವೈದ್ಯರು ನನ್ನಂಥ 53 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಏಳರಿಂದ ಹತ್ತು ದಿನ ತರಕಾರಿ ತಿಳಿ, ರಸ ಮಾತ್ರದ ಉಪವಾಸ, ಆಮೇಲೆ ನಿಧಾನವಾಗಿ ಒಂದೊಂದೇ ಪದಾರ್ಥ ಸೇರಿಸುತ್ತಾ ವರ್ಷವಿಡೀ ಸಸ್ಯಾಹಾರ. ಇನ್ನೊಂದು ಗುಂಪಿಗೆ ಎಂದಿನ ಊಟ. ಉಪವಾಸದವರ ನೋವು, ಊತ, ಬೆಳಗಿನ ಬಿಗಿತ ಕಡಿಮೆಯಾಯಿತು, ವರ್ಷದ ಕೊನೆಗೂ ಅವರಲ್ಲಿ ಹಲವರು ಮೇಲಾಗಿಯೇ ಇದ್ದರು. ಉಪವಾಸ ಮಾಡಿದರೆ ಕೀಲಿನ ಉರಿ ಇಳಿಯುತ್ತದೆ ಎಂಬುದು ಏಕಾದಶಿಯವರ ಕಲ್ಪನೆಯಲ್ಲ. ತೊಂದರೆ ಏನೆಂದರೆ, ಬರೀ ಉಪವಾಸ ಮಾಡಿದವರಿಗೆ ಮತ್ತೆ ತಿನ್ನಲು ಶುರು ಮಾಡಿದ ಮೇಲೆ ನೋವೂ ಊಟಕ್ಕೆ ಬಂದು ಕೂರುತ್ತದೆ. ಮನುಷ್ಯ ಯಾವಾಗಲೋ ಒಮ್ಮೆ ತಿನ್ನಲೇಬೇಕಲ್ಲ.

ಆಮೇಲೆ ಮೂವತ್ತು ವರ್ಷದಲ್ಲಿ ಜಗತ್ತಿನ ಎಲ್ಲ ಊಟಗಳನ್ನೂ ಪರೀಕ್ಷೆಗೆ ಒಡ್ಡಿ ನೋಡಿದ್ದಾಯಿತು. ಅಮೆರಿಕದ ಕೀಲುರೋಗ ವೈದ್ಯರ ಸಂಘ 2022ರ ಮಾರ್ಗಸೂಚಿಯಲ್ಲಿ ಬರೆದದ್ದು ಎಷ್ಟು ಸಪ್ಪೆಯೆಂದರೆ ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ತರಕಾರಿ, ಹಣ್ಣು, ಕಾಳು, ಮೀನು, ಆಲಿವ್ ಎಣ್ಣೆ ಹೆಚ್ಚಿರುವ ಮೆಡಿಟರೇನಿಯನ್ ಬಗೆಯ ಊಟ ಮಾಡಿದರೆ ಸ್ವಲ್ಪ ಒಳ್ಳೆಯದಿರಬಹುದು, ಉಳಿದ ಹೆಸರಿಟ್ಟ ಪಥ್ಯಗಳನ್ನೂ ಪೌಷ್ಟಿಕ ಮಾತ್ರೆಗಳನ್ನೂ ನಾವು ಶಿಫಾರಸು ಮಾಡುವುದಿಲ್ಲ, ವ್ಯಾಯಾಮವನ್ನಂತೂ ಖಂಡಿತ ಮಾಡಿ, ಔಷಧಿ ಬಿಡಬೇಡಿ. ಯುರೋಪಿನವರ ಮಾತೂ ಹೆಚ್ಚುಕಡಿಮೆ ಇದೇ: ಯಾವುದೋ ಒಂದು ಪದಾರ್ಥ ಬಿಟ್ಟರೆ ಅಥವಾ ತಿಂದರೆ ದೊಡ್ಡ ಬದಲಾವಣೆ ಕಾಣುವ ಸಂಭವ ಕಡಿಮೆ. ಬದನೆಕಾಯಿ, ಟೊಮೆಟೊ, ಆಲೂಗೆಡ್ಡೆಗಳ ಮೇಲಿನ ಆರೋಪಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. (ಅಂದ ಹಾಗೆ, ನಮ್ಮ ಹಿರಿಯರ ಊಟ ಊಟ ಎಂದು ನೀವು ಹೊಗಳುತ್ತಾ ಸುರಿದುಕೊಂಡ ಸಾರಿನ ಟೊಮೆಟೊ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು.)

ಹಾಗಾದರೆ "ನಮ್ಮ ಭಾವಮೈದುನ ಗೋಧಿ ಬಿಟ್ಟ, ಎರಡೇ ತಿಂಗಳಿಗೆ ಎದ್ದು ಓಡಾಡಿದ" ಎಂದಿರಲ್ಲ, ಅದು ಸುಳ್ಳೇ? ಸುಳ್ಳಿರಲಾರದು. ಈ ಕಾಯಿಲೆಗೆ ಏರಿಳಿತ ಹುಟ್ಟುಗುಣ. ನೋವು ತಾರಕಕ್ಕೆ ಹೋದಾಗಲೇ ಮನುಷ್ಯ ಏನನ್ನಾದರೂ ಬಿಡುವುದು, ಆಮೇಲೆ ಅದು ತಾನಾಗಿಯೂ ಇಳಿಯುತ್ತದೆ. ಇಳಿದಾಗ ಕೊನೆಗೆ ಬಿಟ್ಟ ಪದಾರ್ಥಕ್ಕೆ ಅಪವಾದ, ಕೊನೆಗೆ ಹೇಳಿದವರಿಗೆ ಕೀರ್ತಿ. ಆದ್ದರಿಂದಲೇ ಒಂದೊಂದು ಪಥ್ಯಕ್ಕೂ ಒಬ್ಬೊಬ್ಬ ಭಾವಮೈದುನ ಇರುತ್ತಾನೆ.

ನೀವು ಎಲೆಯ ಮೇಲಿನದನ್ನೆಲ್ಲ ಹೆಸರು ಹಿಡಿದು ಬೈದಿರಿ. ಎಲೆಯ ಈಚೆ ಕೂತಿದ್ದ ಹೊಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. ನಿಜವಾದ ಸುದ್ದಿ ಇರುವುದು ಅಲ್ಲಿ. ಸೊಂಟದ ಸುತ್ತ ಸೇರುವ ಕೊಬ್ಬು ಸುಮ್ಮನೆ ಬಿದ್ದುಕೊಂಡಿರುವ ದಾಸ್ತಾನು ಎಂದು ನಾವೆಲ್ಲ ಓದಿದ್ದು, ನಾನು ಮೊದಮೊದಲು ಪಾಠ ಮಾಡಿದ್ದೂ ಅದನ್ನೇ, ಪಠ್ಯಪುಸ್ತಕದಲ್ಲಿ ಹಾಗೇ ಇತ್ತು. 1993ರಲ್ಲಿ ಹೊತಮಿಶ್ಲಿಗಿಲ್ ಎಂಬ ವಿಜ್ಞಾನಿ ಮತ್ತವರ ಸಂಗಡಿಗರು ದಪ್ಪ ಇಲಿಗಳ ಕೊಬ್ಬಿನಲ್ಲಿ ಟಿಎನ್ಎಫ್ ಎಂಬ ರಾಸಾಯನಿಕ ತಯಾರಾಗುತ್ತಿರುವುದನ್ನು ಪತ್ತೆ ಮಾಡಿದರು. ಅದು ದೇಹದಲ್ಲಿ ಉರಿಯೂತವನ್ನು ಎಬ್ಬಿಸುವ ಮುಖ್ಯ ಸಂದೇಶವಾಹಕ, ಇನ್ಸುಲಿನ್ ಕೆಲಸ ಮಾಡದಂತೆ ಅಡ್ಡಗಾಲು ಹಾಕುವಂಥದ್ದು. ದಪ್ಪ ಮನುಷ್ಯರ ಕೊಬ್ಬಿನಲ್ಲೂ ಅದೇ ಕಂಡಿತು. ಕೊಬ್ಬು ಹೊರಬಿಡುವ ಲೆಪ್ಟಿನ್ ಎಂಬ ಹಾರ್ಮೋನೂ ರಕ್ಷಣಾ ಕೋಶಗಳನ್ನು ಜಗಳದ ಕಡೆಗೇ ತಳ್ಳುತ್ತದೆ, ಸಮಾಧಾನ ಮಾಡಿಸುವ ಕೋಶಗಳ ಬಾಯಿ ಮುಚ್ಚಿಸುತ್ತದೆ.

ಈಗ ತಮಾಷೆ ನೋಡಿ. ನನ್ನಂಥವರಿಗೆ ಮಾತ್ರೆಗೆ ಬಗ್ಗದಿದ್ದರೆ ಕೊಡುವ ದುಬಾರಿ ಇಂಜೆಕ್ಷನ್ನುಗಳಲ್ಲಿ ಬಹಳಷ್ಟರ ಕೆಲಸ ಆ ಟಿಎನ್ಎಫ್ ಅನ್ನು ಹಿಡಿದು ಕಟ್ಟಿಹಾಕುವುದು. ಅಂದರೆ ಹೊಟ್ಟೆಯ ಕೊಬ್ಬು ಪುಕ್ಕಟೆ ತಯಾರಿಸುವುದನ್ನು ತಡೆಯಲು ಜೇಬಿನಿಂದ ದುಡ್ಡು ಸುರಿಯಬೇಕು. ತೂಕ ಹೆಚ್ಚಿದ್ದವರಲ್ಲಿ ಈ ಇಂಜೆಕ್ಷನ್ನಿನ ಫಲ ಕಡಿಮೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಇಟಲಿಯಲ್ಲಿ ಸೋರಿಯಾಸಿಸ್ ಜೊತೆಗೆ ಕೀಲುನೋವೂ ಇದ್ದ ದಪ್ಪ ರೋಗಿಗಳಿಗೆ ಈ ಇಂಜೆಕ್ಷನ್ ಶುರು ಮಾಡುವಾಗಲೇ ತೂಕ ಇಳಿಸುವ ಪಥ್ಯವನ್ನೂ ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ ಹೇಳುವುದಿಷ್ಟು: ಯಾವ ಪಥ್ಯ ಎಂಬುದು ಮುಖ್ಯವಾಗಲಿಲ್ಲ, ಇದ್ದ ತೂಕದಲ್ಲಿ ನೂರಕ್ಕೆ ಐದು ಪಾಲಾದರೂ ಇಳಿಸಿದವರ ಕಾಯಿಲೆ ಹೆಚ್ಚು ಹತೋಟಿಗೆ ಬಂತು. ಎಪ್ಪತ್ತು ಕೆಜಿಯವರಿಗೆ ಮೂರೂವರೆ ಕೆಜಿ. ಬದನೆಕಾಯಿಯ ಹೆಸರು ಎಲ್ಲೂ ಇಲ್ಲ.

ಇದರಲ್ಲಿ ಇನ್ನೊಂದು ಕೊಂಡಿಯಿದೆ, ಅದನ್ನು ಯಾರೂ ಮದುವೆ ಮನೆಯಲ್ಲಿ ಹೇಳುವುದಿಲ್ಲ. ಸಂಧಿವಾತದವರನ್ನು ಕೊನೆಗೆ ಕೊಲ್ಲುವುದು ಕೀಲಲ್ಲ, ಬೇರೆಲ್ಲಕ್ಕಿಂತ ಹೆಚ್ಚಾಗಿ ಹೃದಯ. ವರ್ಷಗಟ್ಟಲೆ ಮೈಯೊಳಗೆ ಕನಲುವ ಉರಿ ರಕ್ತನಾಳವನ್ನೂ ಬಿಡುವುದಿಲ್ಲ. ಯುರೋಪಿನ ವೈದ್ಯರು ನಮ್ಮ ಹೃದಯಾಘಾತದ ಅಪಾಯವನ್ನು ಲೆಕ್ಕ ಹಾಕುವಾಗ ಬಂದ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಿ ಎಂದಿದ್ದಾರೆ. ದೇಶದಲ್ಲಿ ವಯಸ್ಕರ ಪೈಕಿ ನೂರಕ್ಕೆ 11.4 ಮಂದಿಗೆ ಸಕ್ಕರೆ ಕಾಯಿಲೆ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿತಲ್ಲ, ಆ ನೂರರಲ್ಲಿ ನಾನೂ ಒಬ್ಬಳು ನಿಂತಿದ್ದೇನೆ, ಒಂದೂವರೆಯ ಗುಣಕ ಹೊತ್ತು. ಆದ್ದರಿಂದ ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿಕೊಳ್ಳುವುದು ನನಗೆ ಬದನೆಕಾಯಿ ಬಿಡುವುದಕ್ಕಿಂತ ತುರ್ತಿನ ಕೆಲಸ. ಅನ್ನ ಕಡಿಮೆ ಮಾಡಿ ಎಂದ ನಿಮ್ಮ ಮಾತು ಈ ಲೆಕ್ಕದಲ್ಲಿ ಸರಿಯೇ. ಕಾರಣ ತಪ್ಪು, ಸಲಹೆ ಸರಿ. ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ನಾನು ಅರ್ಧ ಅಂಕ ಕೊಡುತ್ತಿದ್ದೆ.

ಇದೇ ಮಾತಿನ ಸುಳಿಯಲ್ಲಿ ನೀವು ಹೇಳಿದ ನಾಟಿ ಪುಡಿಯ ವಿಚಾರ. ಯಾವುದೋ ಊರಿನಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರಂತೆ, ಮೂರು ದಿನಕ್ಕೆ ನೋವು ಮಂಗಮಾಯವಂತೆ. ಅದರಲ್ಲಿ ಏನಿದೆಯೋ ನಾನು ಕಾಣೆ. ಆದರೆ ಹೀಗೆ ದಿನಗಳಲ್ಲಿ ಕೀಲುನೋವು ಮಾಯವಾದ ಪ್ರಸಿದ್ಧ ಪ್ರಸಂಗ ನಡೆದದ್ದು 1948ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ. ಫಿಲಿಪ್ ಹೆಂಚ್ ಎಂಬ ವೈದ್ಯರು ಹಾಸಿಗೆ ಹಿಡಿದಿದ್ದ ಹೆಣ್ಣುಮಗಳೊಬ್ಬಳಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು, ಕೆಲವೇ ದಿನಕ್ಕೆ ಆಕೆ ಎದ್ದು ನಡೆದಳು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಸ್ಟಿರಾಯ್ಡಿನ ಇನ್ನೊಂದು ಮುಖ ಕಾಣಿಸಲು ಹೆಚ್ಚು ಕಾಲ ಬೇಕಾಗಲಿಲ್ಲ: ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಡಾಕ್ಟರು ಅಳೆದು ತೂಗಿ ಕೊಟ್ಟು ಬೇಗ ಇಳಿಸುವ ಔಷಧಿ ಅದು. ಲೇಬಲ್ಲಿಲ್ಲದ ಪುಡಿ ಮೂರು ದಿನಕ್ಕೆ ನೋವು ಓಡಿಸಿ ಮೂರು ತಿಂಗಳಿಗೆ ಸಕ್ಕರೆ ಕಾಯಿಲೆ ತಂದರೆ ಗಿಡಮೂಲಿಕೆಯ ಮೇಲೆ ನನಗೆ ಅನುಮಾನ ಬರುವುದಿಲ್ಲ, ಅದಕ್ಕೆ ಸ್ಟಿರಾಯ್ಡ್ ಬೆರೆಸಿದರೋ ಏನೋ ಎಂದು ಪುಡಿ ಕಟ್ಟಿದವರ ಮೇಲೆ ಬರುತ್ತದೆ.

ನಿಮ್ಮ ಪಟ್ಟಿಯಲ್ಲಿ ಸಿಗರೇಟು, ಬೀಡಿ ಇರಲಿಲ್ಲ. ಎಲೆಯ ಮೇಲೆ ಬಡಿಸುವ ಪದಾರ್ಥವಲ್ಲವಲ್ಲ. ಸಂಧಿವಾತಕ್ಕೆ ಮನುಷ್ಯ ತಾನಾಗಿ ತಂದುಕೊಳ್ಳುವ ಕಾರಣಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಸಾಬೀತಾಗಿರುವುದು ಹೊಗೆ. ಸ್ವೀಡನ್ನಿನಲ್ಲಿ ಕ್ಲಾರೆಸ್ಕೋಗ್ ಅವರ ತಂಡ 2006ರಲ್ಲಿ ಇದರ ದಾರಿಯನ್ನೇ ತೋರಿಸಿತು. ಹೊಗೆ ತಗುಲಿದ ಶ್ವಾಸಕೋಶದಲ್ಲಿ ಕೆಲವು ಪ್ರೊಟೀನುಗಳ ರೂಪ ಚೂರು ಬದಲಾಗುತ್ತದೆ, ದೇಹ ಅದನ್ನು ಹೊರಗಿನದೆಂದು ತಿಳಿದು ಪ್ರತಿಕಾಯ ತಯಾರಿಸುತ್ತದೆ, ಕೊನೆಗೆ ಆ ಸಿಟ್ಟು ಕೀಲಿನ ಮೇಲೆ ತೀರುತ್ತದೆ. ಅಪ್ಪ-ಅಮ್ಮ ಇಬ್ಬರಿಂದಲೂ ಒಂದು ಬಗೆಯ ಜೀನ್ ಪಡೆದು, ಮೇಲೆ ಸಿಗರೇಟೂ ಸೇದುವವರಿಗೆ ಈ ಪ್ರತಿಕಾಯ ಇರುವ ಸಂಧಿವಾತ ಬರುವ ಅಪಾಯ ಎರಡೂ ಇಲ್ಲದವರಿಗಿಂತ 21 ಪಟ್ಟು. ವಸಡಿನ ಕಾಯಿಲೆಯ ಒಂದು ಬ್ಯಾಕ್ಟೀರಿಯಾಕ್ಕೂ ಇದೇ ಪ್ರೊಟೀನ್ ಬದಲಿಸುವ ಕೈಚಳಕ ಗೊತ್ತು, ಹಾಗಾಗಿ ಹಲ್ಲಿನ ಡಾಕ್ಟರೂ ಈ ಕಥೆಯಲ್ಲಿ ಬರುತ್ತಾರೆ. ಕಲ್ಲಿನ ಧೂಳು ಇನ್ನೊಂದು. ಗಣಿಯ ಧೂಳು ಕುಡಿದವರ ಶ್ವಾಸಕೋಶ ಮತ್ತು ಕೀಲು ಜೊತೆಜೊತೆಗೇ ಕೆಡುವುದನ್ನು ಆಂಥೊನಿ ಕ್ಯಾಪ್ಲನ್ 1953ರಲ್ಲೇ ವೇಲ್ಸಿನ ಕಲ್ಲಿದ್ದಲು ಕಾರ್ಮಿಕರಲ್ಲಿ ಗುರುತಿಸಿದ್ದರು. ನಮ್ಮ ಗ್ರಾನೈಟ್ ಕ್ವಾರಿಗಳಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ಡ್ರಿಲ್ ಹಿಡಿದವನಿಗೆ ಯಾರೂ ಬದನೆಕಾಯಿ ಬಿಡು ಎಂದು ಹೇಳುವುದಿಲ್ಲ ನೋಡಿ. ಮಾಸ್ಕ್ ಹಾಕು, ನೀರು ಚಿಮುಕಿಸಿ ಕೊರೆ ಎಂದೂ ಹೇಳುವುದಿಲ್ಲ.

ಬಿಸಿಲಿಗೆ ಹೋಗಿ ಎಂದಿರಿ, ಅದಕ್ಕೆ ಪೂರ್ತಿ ಅಂಕ. ಅಮೆರಿಕದಲ್ಲಿ 25,871 ಜನರನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ದಿನಾ 2000 ಯೂನಿಟ್ ವಿಟಮಿನ್ ಡಿ ನುಂಗಿದವರಲ್ಲಿ ಹೊಸದಾಗಿ ಆಟೋಇಮ್ಯೂನ್ ಕಾಯಿಲೆ ಬಂದವರು 123, ಖಾಲಿ ಮಾತ್ರೆ ನುಂಗಿದವರಲ್ಲಿ 155. ಅದು ಬರುವ ಮುಂಚಿನ ಮಾತು. ಬಂದಾದ ಮೇಲೆ ಡಿ ಮಾತ್ರೆ ವಾಸಿ ಮಾಡುತ್ತದೆ ಎಂದಲ್ಲ.

"ರೆಸ್ಟ್ ತಗೋಬೇಕಮ್ಮಾ, ಕೈಕಾಲು ಆಡಿಸಬಾರದು" ಎಂದದ್ದಕ್ಕೆ ಮಾತ್ರ ಸೊನ್ನೆ. ಅಮೆರಿಕದ ಆ ಮಾರ್ಗಸೂಚಿಯಲ್ಲಿ ವೈದ್ಯರು ಗಟ್ಟಿ ದನಿಯಲ್ಲಿ ಹೇಳಿರುವುದು ಒಂದೇ ಒಂದು ಸಂಗತಿಯನ್ನು, ಅದು ವ್ಯಾಯಾಮ. ಆದರೆ ನಿಮ್ಮ ಬಾಯಲ್ಲಿ ರೆಸ್ಟ್ ಎಂಬ ಮಾತು ಬಂದಾಗ ನಗು ತಡೆಯಲಾಗಲಿಲ್ಲ, ಅದಕ್ಕೆ ಕ್ಷಮೆಯಿರಲಿ. ಲೂಪಸ್ ಎಂಬ ಇನ್ನೊಂದು ಆಟೋಇಮ್ಯೂನ್ ಕಾಯಿಲೆ ಬಂದ ಹತ್ತು ಜನರಲ್ಲಿ ಒಂಬತ್ತು ಹೆಂಗಸರು. ಸಂಧಿವಾತದಲ್ಲಿ ಒಬ್ಬ ಗಂಡಸಿಗೆ ಎರಡು ಮೂರು ಹೆಂಗಸರು. ಇವರಿಗೆ ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಗಂಟೆಗಟ್ಟಲೆ ಬೇಕು. ಗ್ಯಾಸಿನ ಗುಬುಟು ತಿರುಗುವುದಿಲ್ಲ, ಹಾಲಿನ ಪ್ಯಾಕೆಟ್ಟಿನ ಮೂಲೆ ಹರಿಯುವುದಿಲ್ಲ, ಬಕೆಟಿನಲ್ಲಿ ನೆನೆದ ಬೆಡ್‌ಶೀಟು ಹಿಂಡಲಾಗುವುದಿಲ್ಲ. ನಮ್ಮ ಕಡೆ ಮುದ್ದೆ ತಿರುವಬೇಕು: ಕುದಿಯುವ ಪಾತ್ರೆಯನ್ನು ಕಾಲಿನಿಂದಲೋ ಕವೆಗೋಲಿನಿಂದಲೋ ಒತ್ತಿ ಹಿಡಿದು ಮುದ್ದೆ ಕೋಲನ್ನು ಎರಡೂ ಕೈಯಿಂದ ಸುತ್ತಿ ಸುತ್ತಿ ತೊಳಸಬೇಕು, ಮಣಿಕಟ್ಟು ಸರಿಯಿದ್ದವರಿಗೇ ಬೆವರು ಬರುತ್ತದೆ. ರಾಗಿ ಒಳ್ಳೆಯದು, ಮುದ್ದೆ ತಿನ್ನಿ ಎನ್ನುವ ಆಹಾರ ತಜ್ಞರು ಯಾರು ತಿರುವಬೇಕು ಎಂದು ಹೇಳುವುದಿಲ್ಲ. ಕೊನೆಯ ಪಂಕ್ತಿಯಲ್ಲಿ ಉಂಡು, ಪಾತ್ರೆ ಎತ್ತಿಟ್ಟು, ಎಲ್ಲರೂ ಮಲಗಿದ ಮೇಲೆ ಮಲಗಿ, ಎಲ್ಲರಿಗಿಂತ ಮೊದಲು ಏಳುವವರಿಗೆ "ನಿದ್ದೆ ಚೆನ್ನಾಗಿ ಮಾಡಿ, ಟೆನ್ಷನ್ ತಗೋಬೇಡಿ" ಎಂಬುದು ಜೀವನಶೈಲಿಯ ಸಲಹೆ. ನಿದ್ದೆ ಕೆಟ್ಟರೆ ನೋವು ಹೆಚ್ಚುತ್ತದೆ, ಶುಗರೂ ಏರುತ್ತದೆ, ಎಲ್ಲ ನಿಜ. ಆ ಸಲಹೆಯನ್ನು ಹೆಂಗಸಿಗೆ ಹೇಳುವ ಬದಲು ಆಕೆಯ ಮನೆಯ ಉಳಿದವರಿಗೆ ಹೇಳಿದರೆ ಫಲ ಬೇಗ ಕಾಣುತ್ತದೆ ಎಂದು ನನ್ನ ಅಂಬೋಣ.

ಈಗ ಊಟವೇ ಔಷಧಿ ಎಂಬ ನಿಮ್ಮ ಸಿದ್ಧಾಂತ ನೂರಕ್ಕೆ ನೂರು ನಿಜವಾಗುವ ಜಾಗಕ್ಕೆ ಬರೋಣ. ಆ ಜಾಗದಲ್ಲಿ ನಿಮ್ಮಂಥವರು ಹೇಗೆ ನಡೆದುಕೊಳ್ಳುತ್ತೀರಿ ಎಂಬುದೂ ಗೊತ್ತಾಗಲಿ.

ಸೀಲಿಯಾಕ್ ಎಂಬ ಆಟೋಇಮ್ಯೂನ್ ಕಾಯಿಲೆಯಿದೆ. ಗೋಧಿ, ಬಾರ್ಲಿಗಳ ಗ್ಲೂಟೆನ್ ಹೊಟ್ಟೆಗೆ ಹೋದರೆ ಕರುಳಿನ ಒಳಪದರ ಸವೆದು ಚಪ್ಪಟೆಯಾಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ, ಮಗು ಬೆಳೆಯುವುದಿಲ್ಲ. ಡಚ್ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆಗೆ ಗೋಧಿಯ ಮೇಲೆ 1930ರ ದಶಕದಿಂದಲೇ ಗುಮಾನಿಯಿತ್ತು. 1944-45ರ ಯುದ್ಧದ ಚಳಿಗಾಲದಲ್ಲಿ ಹಾಲೆಂಡಿಗೆ ಬ್ರೆಡ್ಡೇ ಸಿಗದೆ ಜನ ಹಸಿವಿನಿಂದ ಸತ್ತರು, ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ ಬಂತು, ಕಾಯಿಲೆಯೂ ಬಂತು. 1950ರಲ್ಲಿ ಅವರು ಅದನ್ನೇ ಪ್ರಬಂಧವಾಗಿ ಬರೆದರು. ಇವತ್ತಿಗೂ ಇದಕ್ಕೆ ಗ್ಲೂಟೆನ್ ಪೂರ್ತಿ ಬಿಡುವುದೇ ಚಿಕಿತ್ಸೆ. ನಮ್ಮ ದೇಶದಲ್ಲಿ ನಡೆದ ಸಮೀಕ್ಷೆಯೊಂದರ ಪ್ರಕಾರ (2016ರಲ್ಲಿ ಬಂದದ್ದು) ಇದರ ಪ್ರತಿಕಾಯ ರಕ್ತದಲ್ಲಿ ಇದ್ದವರು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10. ಕಾಯಿಲೆಗೆ ದಾರಿ ಮಾಡುವ ಜೀನ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ತಟ್ಟೆ ಬೇರೆಯಿತ್ತು: ಅಲ್ಲಿನವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ಇಲ್ಲಿನವರು 25 ಗ್ರಾಂ. ಊಟ ಮತ್ತು ಆಟೋಇಮ್ಯೂನ್ ಕಾಯಿಲೆಯ ನಂಟಿಗೆ ಇಷ್ಟು ಸ್ಪಷ್ಟ ಉದಾಹರಣೆ ಬೇರೆ ಸಿಗುವುದು ಕಷ್ಟ.

ದೆಹಲಿಯಲ್ಲಿ ಬೆಳೆಯುತ್ತಿರುವ ನನ್ನ ತಂಗಿಯ ಮೊಮ್ಮಗಳಿಗೆ ಇದೇ ಕಾಯಿಲೆ. ರಜಕ್ಕೆ ಊರಿಗೆ ಬಂದಾಗ ನಮ್ಮ ಅಡುಗೆಮನೆ ಪರೀಕ್ಷೆಗೆ ಕೂತಿತು. ಅನ್ನ, ರಾಗಿ, ಜೋಳ, ಅಕ್ಕಿರೊಟ್ಟಿ ಇರುವ ಮನೆಗೆ ಭಯವೇನು ಎಂದುಕೊಂಡಿದ್ದೆವು. ಮಗು ಬರೀ ತಿಳಿಸಾರು ಉಂಡಾಗಲೂ ಹೊಟ್ಟೆ ಹಿಡಿದುಕೊಂಡಿತು. ತಂಗಿ ಭೂತಗನ್ನಡಿ ಹಿಡಿದು ಒಂದೊಂದೇ ಡಬ್ಬಿ ಓದುತ್ತಾ ಹೋದವಳು ಇಂಗಿನ ಡಬ್ಬಿಯಲ್ಲಿ ನಿಂತಳು. ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ, ಅಂಟು ಮತ್ತು ಹಿಟ್ಟು ಸೇರಿಸಿ ಕೂಡಿಸಿದ್ದು, ಬಹಳಷ್ಟು ಕಂಪನಿಯವರು ಹಾಕುವುದು ಗೋಧಿ ಹಿಟ್ಟು. ಆಮೇಲೆ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿಯನ್ನೂ ಬೀಸುತ್ತಾರೆ, ಮೊದಲ ಸೇರು ಹಿಟ್ಟಿನಲ್ಲಿ ಹಿಂದಿನವರ ಗೋಧಿ ಬಂದೇ ಬರುತ್ತದೆ. ತಂಗಿ ಕೊನೆಗೆ ಮನೆಗೇ ಒಂದು ಸಣ್ಣ ಹಿಟ್ಟಿನ ಮಷಿನ್ ತಂದಳು.

ಇಷ್ಟು ಕಾಯುತ್ತಿದ್ದ ಮಗುವಿನ ಬಾಯಿಗೆ ನೆಂಟರೊಬ್ಬರು, ನಿಮ್ಮ ವಯಸ್ಸಿನವರೇ, ಒಬ್ಬಟ್ಟಿನ ಚೂರು ತುರುಕಿದರು. "ಇಷ್ಟು ತಿಂದರೆ ಏನೂ ಆಗಲ್ಲ, ಮಕ್ಕಳು ತಿನ್ನಬೇಕು" ಎಂದರು. ಗೋಧಿ ವಿಷ ಎಂದು ನನಗೆ ಉಪದೇಶಿಸುವ ಜನ, ಗೋಧಿ ನಿಜವಾಗಿ ವಿಷವಾಗಿರುವ ಮಗುವಿನ ಮುಂದೆ ಹೇಗೆ ಇಷ್ಟು ಉದಾರಿಗಳಾಗುತ್ತೀರಿ? ಬೇಡದ ಕಡೆ ಕಟ್ಟುನಿಟ್ಟು, ಬೇಕಾದ ಕಡೆ ಧಾರಾಳ. ಥೈರಾಯ್ಡ್ ಮಾತ್ರೆ ನುಂಗುವವರಿಗೆ ಎಲೆಕೋಸು ಬಿಡಿ ಎನ್ನುತ್ತೀರಿ, ಮಾತ್ರೆ ನುಂಗಿದ ತಕ್ಷಣ ಫಿಲ್ಟರ್ ಕಾಫಿ ಕೈಗೆ ಕೊಡುತ್ತೀರಿ. ಬೇಯಿಸಿದ ಕೋಸು ಹದವಾಗಿ ತಿಂದರೆ ಅಂಥದ್ದೇನೂ ಮಾಡುವುದಿಲ್ಲ, ಮಾತ್ರೆ ಮೈಗೆ ಹತ್ತದಂತೆ ಮಾಡುವುದು ಕಾಫಿ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ಕುಡಿಯಬೇಕು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಈ ಪತ್ರವನ್ನು ಊರಿಗೆಲ್ಲ ಕಾಣುವಂತೆ ಬರೆಯಲು ಕಾರಣ ನಾನಲ್ಲ. ನಿಮ್ಮ ಇನ್ನೊಂದು ಪಕ್ಕದ ಎಲೆಗೆ ಕೂತಿದ್ದವರು.

ಅವರ ಮಗನಿಗೆ ಟೈಪ್ 1 ಡಯಾಬಿಟಿಸ್ ಎಂದು ಈಚೆಗೆ ಗೊತ್ತಾಗಿತ್ತು. ನನ್ನ ಎಲೆ ಖಾಲಿ ಮಾಡಿಸಿದ ಮೇಲೆ ನೀವು ಅವರ ಕಡೆ ತಿರುಗಿದಿರಿ. ಅನ್ನ, ಸಕ್ಕರೆ, ಹಾಲು ಪೂರ್ತಿ ನಿಲ್ಲಿಸಿದರೆ ಇನ್ಸುಲಿನ್ ತಾನಾಗಿ ಬಿಟ್ಟುಹೋಗುತ್ತದೆ ಎಂದಿರಿ. ಆ ಮನುಷ್ಯ ಕೈಯಲ್ಲಿ ಹಿಡಿದ ತುತ್ತನ್ನು ಹಾಗೇ ಹಿಡಿದುಕೊಂಡು ಕೇಳಿದರು. "ಹೌದು ಸಾರ್, ಈಗೀಗ ಡೋಸು ಕಡಿಮೆಯಾಗಿದೆ, ನಾವು ಸಿಹಿ ನಿಲ್ಲಿಸಿದ್ದಕ್ಕೇ ಇರಬೇಕು" ಎಂದರು. ಅಲ್ಲ ಮಾನ್ಯರೇ. ಇನ್ಸುಲಿನ್ ಶುರು ಮಾಡಿದ ಮೇಲೆ ಉಳಿದಿರುವ ಅಷ್ಟಿಷ್ಟು ಕೋಶಗಳು ಸುಧಾರಿಸಿಕೊಂಡು ಕೆಲವು ವಾರವೋ ತಿಂಗಳೋ ಕೆಲಸ ಮಾಡುತ್ತವೆ. ಡಾಕ್ಟರುಗಳು ಅದನ್ನು ಹನಿಮೂನ್ ಎನ್ನುತ್ತಾರೆ. ಅದು ಮುಗಿಯುತ್ತದೆ. ಊಟದ ಪವಾಡ ಎಂದು ನಂಬಿ ಸೂಜಿ ಬಿಡುವ ಅಪಾಯ ಇರುವುದು ಆ ದಿನಗಳಲ್ಲೇ.

ಬರೀ ಪಥ್ಯದಿಂದ ಈ ಕಾಯಿಲೆಯನ್ನು ಹಿಡಿದಿಡುವ ಪ್ರಯೋಗ ನೂರು ವರ್ಷದ ಹಿಂದೆಯೇ ಆಗಿಹೋಗಿದೆ, ನಿಮಗಿಂತ ಕಟ್ಟುನಿಟ್ಟಿನವರ ಕೈಯಲ್ಲಿ. ಅಮೆರಿಕದ ಡಾ. ಫ್ರೆಡರಿಕ್ ಅಲೆನ್ ಮಕ್ಕಳಿಗೆ ಕೊಡುತ್ತಿದ್ದುದು ಮೂರು ಸಲ ಬೇಯಿಸಿ ನೀರು ಚೆಲ್ಲಿದ ತರಕಾರಿ, ಇಷ್ಟೇ ಇಷ್ಟು ಮೊಟ್ಟೆ, ವಾರಕ್ಕೊಮ್ಮೆ ಉಪವಾಸ. ಕ್ರೂರಿಯಲ್ಲ ಆತ, ಆಗ ಬೇರೆ ದಾರಿಯೇ ಇರಲಿಲ್ಲ. ಮುಂದೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾದವರ ಮಗಳು ಎಲಿಜಬೆತ್ ಹ್ಯೂಸ್‌ಗೆ 1919ರಲ್ಲಿ ಕಾಯಿಲೆ ಬಂತು. ಮೂರು ವರ್ಷ ಆ ಪಥ್ಯವನ್ನು ಶ್ರದ್ಧೆಯಿಂದ ಪಾಲಿಸಿದಳು. 1922ರ ಆಗಸ್ಟಿನಲ್ಲಿ ಇನ್ಸುಲಿನ್ ಕಂಡುಹಿಡಿದ ಟೊರಾಂಟೊದ ಬ್ಯಾಂಟಿಂಗ್ ಅವರ ಹತ್ತಿರ ಕರೆದೊಯ್ದಾಗ ಹದಿನೈದರ ಅಂಚಿನ ಹುಡುಗಿಯ ತೂಕ ಸುಮಾರು 20 ಕೆಜಿ. ಪಥ್ಯ ಅವಳನ್ನು ಅಲ್ಲಿಯವರೆಗೆ ಜೀವದಿಂದ ಇಟ್ಟಿತ್ತು, ಅಷ್ಟೇ ಅದರ ಶಕ್ತಿ. ಇನ್ಸುಲಿನ್ ಸಿಕ್ಕ ಮೇಲೆ ಬೇಕಾದ್ದು ತಿಂದಳು, ಓದಿದಳು, ಮದುವೆಯಾದಳು, ಮಕ್ಕಳಾದವು. ತೀರಿಕೊಂಡದ್ದು 1981ರಲ್ಲಿ, 73ನೇ ವಯಸ್ಸಿನಲ್ಲಿ.

ಮೇಲೆ ಬರೆದದ್ದೆಲ್ಲ ನೀವು ಮರೆತರೂ ನನ್ನ ಅಭ್ಯಂತರವಿಲ್ಲ. ಬದನೆಕಾಯಿಯನ್ನು ಬೇಕಾದಷ್ಟು ಬೈಯಿರಿ. ಆದರೆ ಆ ಹುಡುಗನ ತಂದೆಯ ಫೋನ್ ನಂಬರ್ ನಿಮ್ಮ ಮೊಬೈಲಿನಲ್ಲಿದೆ, ಪಥ್ಯದ ಚಾರ್ಟ್ ಕಳಿಸುತ್ತೇನೆಂದು ನನ್ನ ಕಣ್ಣೆದುರೇ ಸೇವ್ ಮಾಡಿಕೊಂಡಿರಿ. ನನ್ನ ಹತ್ತಿರ ಅದಿಲ್ಲ. ಇವತ್ತೇ ಫೋನ್ ಮಾಡಿ. ಸೂಜಿ ನಿಲ್ಲಿಸಿದ್ದರೆ ಈಗಲೇ ಡಾಕ್ಟರ ಹತ್ತಿರ ಹೋಗಲಿ, ನಿಲ್ಲಿಸಿಲ್ಲದಿದ್ದರೆ ನಿಲ್ಲಿಸದಿರಲಿ. ಹುಡುಗನಿಗೆ ವಾಂತಿ, ಹೊಟ್ಟೆನೋವು, ತಡೆಯಲಾರದ ಬಾಯಾರಿಕೆ, ಏದುಸಿರು ಕಂಡರೆ ಅಜೀರ್ಣವೆಂದು ಜೀರಿಗೆ ನೀರು ಕೊಟ್ಟು ಕಾಯುವುದು ಬೇಡ, ನೇರ ಆಸ್ಪತ್ರೆಗೆ ಓಡಲಿ, ಅಲ್ಲಿ ಗಂಟೆಗಳ ಲೆಕ್ಕ. ನೀವು ಹೇಳಿದರೆ ಅವರು ಕೇಳುತ್ತಾರೆ, ಅಂದು ಕೇಳಿದ್ದನ್ನು ನಾನು ನೋಡಿದ್ದೇನೆ. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಈ ಪತ್ರವನ್ನೇ ಫಾರ್ವರ್ಡ್ ಮಾಡಿ. ಓದದೆ ಫಾರ್ವರ್ಡ್ ಮಾಡಿದರೂ ನಡೆಯುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,
ಹಾಸನದ ಒಬ್ಬ ನಿವೃತ್ತ ಉಪನ್ಯಾಸಕಿ